ವಿಚಾರಿಸುವುದೂ ವಿಚಾರಿಸಿಕೊಳ್ಳುವುದೂ

ಕೆಲಸವಿಲ್ಲದ ತರುಣನು ಮದುವೆಯ ಮನೆಗೆ ಹೋಗಲು ಹಿಂಜರಿಯುತ್ತಾನೆಂದರೆ ಅದರ ಕಾರಣವನ್ನು ಬಹುದೂರ ಅರಸಬೇಕಾದುದಿಲ್ಲ. ಪಂಕ್ತಿಯಲ್ಲಿ ಕುಳಿತ ಹಿರಿಯರೊಬ್ಬರು, ಎಲೆಗೆ ಪಾಯಸ ಬೀಳುವುದಕ್ಕೆ ಮುಂಚೆಯೇ, "ಏನಪ್ಪಾ, ಈಗ ಏನು ಮಾಡ್ಕೊಂಡಿದ್ದೀಯ?" ಎಂದು ಕೇಳುತ್ತಾರೆ, ಅವನು "ನೋಡ್ತಾ ಇದ್ದೀನಿ, ದೊಡ್ಡಪ್ಪ" ಎನ್ನುತ್ತಾನೆ, ಅವರು "ನೋಡು, ನೋಡು" ಎಂದು ಹರಸಿ ಪಕ್ಕದ ಎಲೆಯವರ ಕಡೆಗೆ ತಿರುಗುತ್ತಾರೆ. ಕೇಳಿದವರಿಗೆ ಅದೊಂದು ಕುಶಲಪ್ರಶ್ನೆ. ಕೇಳಿಸಿಕೊಂಡವನಿಗೆ ಮಾತ್ರ ತುತ್ತು ಗಂಟಲಿನಲ್ಲಿಯೇ ನಿಂತಿರುತ್ತದೆ.

ನಮ್ಮ ಭಾಷೆಯಲ್ಲಿ ವಿಚಾರಿಸುವುದು ಬೇರೆ, ವಿಚಾರಿಸಿಕೊಳ್ಳುವುದು ಬೇರೆ. ಮೊದಲನೆಯದು ಬರಿಯ ಪ್ರಶ್ನೆ; ಎರಡನೆಯದರಲ್ಲಿ ಬಂದವರ ಕಾಲಿಗೆ ನೀರು, ಊಟ, ಹಾಸಿಗೆ, ಮರುದಿನ ಅವರು ಹಿಡಿಯಬೇಕಾದ ಬಸ್ಸಿನ ಹೊತ್ತು ಇವೆಲ್ಲವೂ ಅಡಕವಾಗಿವೆ. ಜಗಳದಲ್ಲಿ ತೋಳೇರಿಸಿದವನು "ನಿನ್ನನ್ನ ವಿಚಾರಿಸ್ಕೊಳ್ತೀನಿ" ಎಂದಾಗ ಅದೇ ಪದಕ್ಕೆ ಮೂರನೆಯದೊಂದು ಅರ್ಥವೂ ಬಂದು ಸೇರುತ್ತದೆ. ನಿರುದ್ಯೋಗಿಗಳ ಉದ್ಯೋಗಾನ್ವೇಷಣೆಗೆ ನೆರವಾಗಲೆಂದೂ ಅದರ ಮೇಲೆ ನಿಗಾ ಇಡಲೆಂದೂ ನಾನಾ ದೇಶಗಳ ಸರಕಾರಗಳು ಕಳೆದ ನೂರು ವರ್ಷಗಳಿಂದೀಚೆಗೆ ಮಾಡಿರುವ ಏರ್ಪಾಡುಗಳನ್ನು ಪರಿಶೀಲಿಸಿದರೆ ಈ ಮೂರು ಅರ್ಥಗಳೂ ಅಲ್ಲಿ ಹಾಲುನೀರಿನಂತೆ ಬೆರೆತಿರುವುದು ಕಾಣುತ್ತದೆ. ಯಾವುದರಿಂದ ಎಷ್ಟು ಫಲ ದೊರೆಯಿತೆಂಬುದನ್ನು ಶ್ರದ್ಧೆಯಿಂದ ಅಳೆದು ನೋಡಿದ ವಿದ್ವಾಂಸರೂ ಇದ್ದಾರೆ. ಅವರ ಅಳತೆಗಳಲ್ಲಿ ಕೆಲಸ ಹುಡುಕುತ್ತಿರುವ ನಮ್ಮ ಓದುಗರಿಗೂ, ಅವರಿಗಾಗಿ ಬಾಗಿಲಲ್ಲಿ ಕಾದು ನಿಂತಿರುವ ತಂದೆತಾಯಿಗಳಿಗೂ ಉಪಯುಕ್ತವಾದುದನ್ನು ಆಯ್ದು ಇಲ್ಲಿ ನಿವೇದಿಸುವುದು ನನ್ನ ಉದ್ದೇಶ.

ಮೊದಲು ಒಂದು ಪದದ ಮಾತು. 'ಉದ್ಯೋಗಂ ಪುರುಷಲಕ್ಷಣಂ' ಎಂಬ ಹೇಳಿಕೆಯನ್ನು ನಾವು ಸಂಬಳದ ಚೀಟಿಗೆ ಕಟ್ಟಿಹಾಕಿ, ಸಂಬಳವಿಲ್ಲದವನು ಲಕ್ಷಣಹೀನನೆಂದು ಅರ್ಥ ಮಾಡಿಕೊಂಡಿದ್ದೇವೆ. ಸಂಬಳಕ್ಕೆ ದುಡಿಯುವ ಮತ್ತು ಕೆಲಸ ಹುಡುಕುವ ಕೋಟ್ಯಂತರ ಸ್ತ್ರೀಯರನ್ನಂತೂ ಆ ಹೇಳಿಕೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಸಂಸ್ಕೃತದಲ್ಲಿ ಉದ್ಯೋಗವೆಂದರೆ ಪ್ರಯತ್ನ, ಸನ್ನಾಹ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ಸಿಕ್ಕುವುದಿಲ್ಲ. ಅಲ್ಲಿ ನಡೆಯುವುದು ಸಂಧಾನ, ದೂತರ ಓಡಾಟ, ಮಿತ್ರರನ್ನು ಕೂಡಿಸಿಕೊಳ್ಳುವ ಉಪಕ್ರಮ. ಆ ಅರ್ಥದಲ್ಲಿ ನೋಡಿದರೆ ಕೆಲಸವನ್ನು ಕ್ರಮವಾಗಿ ಹುಡುಕುತ್ತಿರುವವನು ಉದ್ಯೋಗದಲ್ಲಿಯೇ ಇದ್ದಾನೆ. ಕ್ರಮವಾಗಿ ಎಂಬ ಮಾತಿನಲ್ಲಿಯೇ ತೊಡಕೆಲ್ಲ ಇರುವುದು.

ಆ ತೊಡಕನ್ನು ಕಣ್ಣಾರೆ ಕಂಡು ಬರೆದಿಟ್ಟವರು ಮೂವರು. ಆಸ್ಟ್ರಿಯ ದೇಶದಲ್ಲಿ, ವಿಯೆನ್ನಾ ನಗರದಿಂದ ಅಷ್ಟು ದೂರವಲ್ಲದ ಮಾರಿಯೆಂಟಾಲ್ ಎಂಬ ಸಣ್ಣ ಊರು ಒಂದು ಬಟ್ಟೆಯ ಗಿರಣಿಯನ್ನೇ ನಂಬಿ ಬದುಕಿತ್ತು. 1929ರಲ್ಲಿ ಮೊದಲುಗೊಂಡ ಆರ್ಥಿಕ ಕುಸಿತದಲ್ಲಿ ಆ ಗಿರಣಿ ಮುಚ್ಚಿಹೋಗಿ, ಊರಿಗೆ ಊರೇ ನಿರುದ್ಯೋಗಿಯಾಯಿತು. 1931-32ರಲ್ಲಿ ಮರೀ ಯಹೋಡ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ಸಂಗಡಿಗರೊಡನೆ ಅಲ್ಲಿಗೆ ಹೋಗಿ, ಅಲ್ಲಿಯ 478 ಕುಟುಂಬಗಳ ದಿನಚರಿಯನ್ನು ಪರೀಕ್ಷಿಸಿ, 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಿಡುವು ಬೇಕಾದಷ್ಟು ದೊರೆತಿದ್ದ ಆ ಜನ ಹೆಚ್ಚು ಓದಿದರೆ? ಇಲ್ಲ, ಊರ ಪುಸ್ತಕಾಲಯದಿಂದ ಎರವಲು ಹೋಗುತ್ತಿದ್ದ ಪುಸ್ತಕಗಳ ಸಂಖ್ಯೆ ಎರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಸಂಶೋಧಕರು ಕಿಟಕಿಯ ಹಿಂದೆ ಗಡಿಯಾರ ಹಿಡಿದು ಕುಳಿತು ಬೀದಿಯಲ್ಲಿ ಹೋಗುವವರ ನಡಿಗೆಯನ್ನು ಅಳೆದರು: ಗಂಡಸರು ನಿಧಾನವಾಗಿ ನಡೆದು, ಮಾರುಮಾರಿಗೆ ನಿಂತು, ಮತ್ತೆ ನಡೆಯುತ್ತಿದ್ದರು, ಮನೆಗೆಲಸದ ಹೊರೆಯಿದ್ದ ಹೆಂಗಸರು ಮಾತ್ರ ಸರಸರನೆ ಸಾಗುತ್ತಿದ್ದರು. ನೆನ್ನೆ ಏನು ಮಾಡಿದಿರೆಂದು ಗಂಡಸರನ್ನು ಕೇಳಿ ಗಂಟೆಗಂಟೆಗೂ ಬರೆಸಿದರೆ, ಎದ್ದದ್ದು, ಉಂಡದ್ದು, ಮಲಗಿದ್ದು ಇವಿಷ್ಟರ ಹೊರತು ಉಳಿದ ಗಂಟೆಗಳಿಗೆ ಹೆಸರೇ ಇರಲಿಲ್ಲ.

ಇದನ್ನು ನಾನು ಓದಿದ್ದು ಬಹಳ ಹಿಂದೆ, ಅರ್ಥವಾದದ್ದು ಈಚೆಗೆ. ತುಮಕೂರಿನಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು, ಹನ್ನೊಂದು ತಿಂಗಳಿಂದ ಮನೆಯಲ್ಲಿದ್ದಾನೆಂದು ಅವನ ತಾಯಿ ಬಂದು ಕಣ್ಣೀರಿಟ್ಟ ಮೇಲೆ, ಅವನನ್ನು ಕರೆಸಿ ಕೇಳಿದೆ. "ದಿನಾ ಹುಡುಕ್ತಾನೇ ಇದೀನಿ, ಮೇಷ್ಟ್ರೇ" ಎಂದ. ಹಾಗಾದರೆ ಹೋದ ವಾರದ ಲೆಕ್ಕ ಹೇಳೆಂದೆ. ಅವನು ಸುಳ್ಳು ಹೇಳುವ ಹುಡುಗನಲ್ಲ. ತಲೆ ತಗ್ಗಿಸಿ ಯೋಚಿಸಿ ಯೋಚಿಸಿ, ಸೋಮವಾರ ಮೊಬೈಲಿನಲ್ಲಿ ನಾಲ್ಕೈದು ಕಡೆ ಅರ್ಜಿ ಒತ್ತಿದ್ದನ್ನೂ, ಗುರುವಾರ ಒಬ್ಬ ಸ್ನೇಹಿತನಿಗೆ ಫೋನು ಮಾಡಿ ಅವನು ಎತ್ತದೆ ಹೋದದ್ದನ್ನೂ ಹೇಳಿದ. ಉಳಿದ ದಿನಗಳು ಮಾರಿಯೆಂಟಾಲಿನ ಗಂಟೆಗಳಂತೆ ಎಲ್ಲಿಯೋ ಸೋರಿಹೋಗಿದ್ದವು. ಅವನಿಗೆ ಸೋಮಾರಿತನವಿರಲಿಲ್ಲ, ದಿನಕ್ಕೆ ಗಡಿ ಹಾಕುವ ಗಂಟೆಯೂ, ವಾರದ ಕೊನೆಗೆ ಲೆಕ್ಕ ಕೇಳುವವರೂ ಇರಲಿಲ್ಲ.

ಲೆಕ್ಕ ಕೇಳುವವರಿದ್ದರೆ ವ್ಯತ್ಯಾಸವಾಗುತ್ತದೆಯೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಟಕೋಮಾ ಪಟ್ಟಣದಲ್ಲಿ 1986-87ರಲ್ಲಿ ಇದನ್ನು ತಿರುವುಮುರುವಾಗಿ ಪರೀಕ್ಷಿಸಿದರು. ಅಲ್ಲಿ ಕೆಲಸ ಕಳೆದುಕೊಂಡವರು ವಿಮೆಯ ಭತ್ಯ ಪಡೆಯಬೇಕಾದರೆ ತಾವು ಮಾಡಿದ ಪ್ರಯತ್ನಗಳನ್ನು ವರದಿ ಮಾಡತಕ್ಕದ್ದೆಂಬ ನಿಯಮವಿತ್ತು. ಒಂದು ಗುಂಪಿನವರಿಗೆ ಆ ನಿಯಮವನ್ನು ತೆಗೆದುಹಾಕಿ ನೋಡಿದಾಗ, ಅವರು ಭತ್ಯದ ಮೇಲಿದ್ದ ಅವಧಿ ಸರಾಸರಿ 3 ವಾರಗಳಿಗಿಂತಲೂ ಹೆಚ್ಚು ಬೆಳೆಯಿತು. ಡೆನ್ಮಾರ್ಕಿನ ಎರಡು ಪ್ರಾಂತಗಳಲ್ಲಿ 2005-06ರಲ್ಲಿ, ಹೊಸದಾಗಿ ಕೆಲಸ ಕಳೆದುಕೊಂಡವರಲ್ಲಿ ಒಂದು ಭಾಗವನ್ನು ಬೇಗನೆ ತರಬೇತಿಯ ಶಿಬಿರಕ್ಕೆ ಕರೆದು, ಪದೇ ಪದೇ ಅಧಿಕಾರಿಗಳೊಡನೆ ಭೇಟಿ ಏರ್ಪಡಿಸಿ ನೋಡಿದರು; ಉಳಿದವರ ನಿರುದ್ಯೋಗದ ಮಧ್ಯಮ ಅವಧಿ 14 ವಾರವಾದರೆ ಇವರದು ಹನ್ನೊಂದೂವರೆ ವಾರಕ್ಕೆ ಮುಗಿಯಿತು. ಬ್ರಿಟನ್ನಿನಲ್ಲಿ 1986ರಿಂದ ನಡೆದ 'ರೀಸ್ಟಾರ್ಟ್' ಎಂಬ ಸಂದರ್ಶನಕ್ರಮದಲ್ಲಿ ಬಹುಕಾಲದಿಂದ ಕೆಲಸವಿಲ್ಲದವರನ್ನು ಕಡ್ಡಾಯವಾಗಿ ಕರೆಸಿ ಮಾತನಾಡಿಸುತ್ತಿದ್ದರು. ಆ ಸಂದರ್ಶನಕ್ಕೆ ಸಕಾಲದಲ್ಲಿ ಬಂದ ಗಂಡಸರಲ್ಲಿ ನಿರುದ್ಯೋಗದ ಪ್ರಮಾಣ, ಐದು ವರ್ಷಗಳ ತರುವಾಯವೂ, ಸಂದರ್ಶನವನ್ನು ತಡವಾಗಿ ಪಡೆದವರಿಗಿಂತ ಸುಮಾರು ನೂರಕ್ಕೆ 6ರಷ್ಟು ಕಡಮೆಯಿತ್ತೆಂದು ಕಂಡುಬಂತು. ಹೆಂಗಸರಲ್ಲಿ ಅಂತಹ ದೀರ್ಘಕಾಲದ ಫಲ ಕಾಣಲಿಲ್ಲ.

ಈ ಲೆಕ್ಕಗಳನ್ನು ನೋಡಿ ಬೆತ್ತವೇ ಗುರುವೆಂದು ಹಿಗ್ಗುವವರು ಸ್ವಲ್ಪ ತಡೆಯಬೇಕು. ಡೆನ್ಮಾರ್ಕಿನ ಫಲದಲ್ಲಿ ಒಂದು ದೊಡ್ಡ ಪಾಲು, ಶಿಬಿರದಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ, ಶಿಬಿರಕ್ಕೆ ಹೋಗಬೇಕಾಗುತ್ತದಲ್ಲ ಎಂಬ ಬೇಸರದಿಂದಲೇ ಹುಟ್ಟಿತ್ತು. ತೋಳೇರಿಸಿದವನ 'ವಿಚಾರಿಸ್ಕೊಳ್ತೀನಿ' ಎಂಬ ಮಾತಿಗೂ ಒಂದು ಶಕ್ತಿಯುಂಟಷ್ಟೆ. ಆ ಶಕ್ತಿಯ ಮಿತಿಯನ್ನು ನೆದರ್ಲೆಂಡ್ಸ್ ದೇಶದ ಪ್ರಯೋಗ ತೋರಿಸಿಕೊಟ್ಟಿತು. 1998-99ರಲ್ಲಿ ಅಲ್ಲಿ, ಸುಲಭವಾಗಿ ಕೆಲಸ ಸಿಕ್ಕಬಹುದಾದಂತಹ ಅರ್ಹತೆಯುಳ್ಳವರ ಮೇಲೆಯೇ ನಿಗಾ ಹೆಚ್ಚಿಸಿದಾಗ, ಅವರು ಕಚೇರಿಗೆ ಕಾಣಿಸುವ ದಾರಿಗಳಲ್ಲಿ, ಎಂದರೆ ಜಾಹೀರಾತಿಗೆ ಅರ್ಜಿ ಹಾಕುವುದೇ ಮೊದಲಾದವುಗಳಲ್ಲಿ, ಹೆಚ್ಚು ಹುಡುಕಿದರು. ಬಂಧುಮಿತ್ರರ ಮೂಲಕ ಸದ್ದಿಲ್ಲದೆ ಹುಡುಕುವ ದಾರಿಯನ್ನು ಬಿಟ್ಟರು. ಒಟ್ಟು ಫಲ ಮೊದಲಿದ್ದಷ್ಟೇ ಉಳಿಯಿತು. ಲೆಕ್ಕಕ್ಕೆ ಸಿಕ್ಕುವ ಕೆಲಸವನ್ನೇ ಮನುಷ್ಯನು ಮಾಡತೊಡಗುತ್ತಾನೆ. ಆದಕಾರಣ ಲೆಕ್ಕ ಕೇಳುವವರು ಏನನ್ನು ಕೇಳುತ್ತಾರೆಂಬುದು ಕೇಳುವುದಕ್ಕಿಂತಲೂ ಮುಖ್ಯ.

ನಮ್ಮ ದೇಶದ ಉದ್ಯೋಗ ವಿನಿಮಯ ಕಚೇರಿಗಳ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಮಹಾಯುದ್ಧ ಮುಗಿದು ಸೈನ್ಯದಿಂದ ಹಿಂದಿರುಗುವವರಿಗೆ ನೆಲೆ ಕಾಣಿಸಲೆಂದು 1945ರಲ್ಲಿ ಸ್ಥಾಪಿತವಾದ ಈ ವ್ಯವಸ್ಥೆ 1948ರಲ್ಲಿ ಎಲ್ಲರಿಗೂ ತೆರೆಯಿತು. 1956ರಲ್ಲಿ ಅದರ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂತು. ಖಾಲಿ ಹುದ್ದೆಗಳನ್ನು ಕಚೇರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸುವ ಶಾಸನ 1959ರಲ್ಲಿ ಹುಟ್ಟಿತು. ಎರಡು ತಲೆಮಾರಿನವರು 'ಕಾರ್ಡು ಮಾಡಿಸಿ', ಅದನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟು, ಕರೆಯ ಅಂಚೆಗಾಗಿ ಕಾದರು. ಅವಧಿ ಮುಗಿದಾಗ ಹೋಗಿ ನವೀಕರಿಸಿ ಮತ್ತೆ ಕಾದರು. ಕಾರ್ಡು ಕಾಯುವುದನ್ನು ಕಲಿಸಿತು. ಇಂದು ಕಾರ್ಡಿನ ಜಾಗದಲ್ಲಿ ಜಾಲತಾಣ ಬಂದಿದೆ: ಕೇಂದ್ರ ಸರಕಾರದ ನ್ಯಾಷನಲ್ ಕರಿಯರ್ ಸರ್ವಿಸ್ 2015ರ ಜುಲೈನಲ್ಲಿ ಆರಂಭವಾಯಿತು, ನಮ್ಮ ರಾಜ್ಯದ ಕೌಶಲಾಭಿವೃದ್ಧಿ ಇಲಾಖೆಯದು ಸ್ಕಿಲ್ ಕನೆಕ್ಟ್. ಎರಡರಲ್ಲಿಯೂ ಹೆಸರು ನೋಂದಾಯಿಸುವುದು ಉಚಿತ, ನೋಂದಾಯಿಸಿಕೊಳ್ಳಲೂಬೇಕು. ಆದರೆ ನೋಂದಣಿಯೇ ಅನ್ವೇಷಣೆಯೆಂಬ ಭ್ರಮೆ ಮಾತ್ರ ಕಾರ್ಡಿನ ಕಾಲದ್ದೇ ಇಂದಿಗೂ ಉಳಿದಿದೆ. ಭಾರತದಲ್ಲಿಯೇ ವೃತ್ತಿ ತರಬೇತಿ ಮುಗಿಸಿದವರನ್ನು ಉದ್ಯೋಗದ ಜಾಲತಾಣವೊಂದಕ್ಕೆ ಸೇರಿಸಿ ಪರೀಕ್ಷಿಸಿದ ಸಂಶೋಧಕರಿಗೆ, ಹಾಗೆ ಸೇರಿದವರಲ್ಲಿ ಕೆಲವರು ಇದಕ್ಕಿಂತ ಒಳ್ಳೆಯದು ಬಂದೀತೆಂಬ ನಿರೀಕ್ಷೆಯಿಂದ ಎದುರಿಗಿದ್ದ ಕೆಲಸವನ್ನೂ ಬಿಟ್ಟು ಕಾದದ್ದು ಕಂಡುಬಂತು.

ಯುವನಿಧಿಯ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷಗಳ ಕಾಲ ಸಲ್ಲುತ್ತದೆ. ತನಗಿನ್ನೂ ಕೆಲಸ ಸಿಕ್ಕಿಲ್ಲವೆಂದು ಫಲಾನುಭವಿಯು ನಿಯತಕಾಲಕ್ಕೆ ಸ್ವಯಂಘೋಷಣೆ ಸಲ್ಲಿಸಬೇಕು. ಸಿಕ್ಕಿಲ್ಲವೆಂಬುದನ್ನು ಘೋಷಿಸುವುದಕ್ಕೂ ಏನು ಮಾಡಿದೆನೆಂಬುದನ್ನು ಹೇಳುವುದಕ್ಕೂ ಅಂತರ ಬಹಳ. ಆ ಹಣವನ್ನು ಪಡೆಯುತ್ತಿರುವ ಓದುಗರಿಗೆ ನನ್ನ ಸೂಚನೆಯೆಂದರೆ, ಘೋಷಣೆ ಸಲ್ಲಿಸುವ ದಿನವನ್ನೇ ನಿಮ್ಮ ಲೆಕ್ಕದ ದಿನವನ್ನಾಗಿ ಮಾಡಿಕೊಂಡು, ಸರಕಾರ ಕೇಳದಿರುವ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ. ಬಂದ ಹಣದಲ್ಲಿ ಒಂದು ಭಾಗವನ್ನು ಬಸ್ಸಿನ ಟಿಕೆಟ್ಟಿಗೂ, ಜೆರಾಕ್ಸಿಗೂ, ಇಸ್ತ್ರಿಯ ಅಂಗಿಗೂ ಬೇರೆಯಾಗಿ ತೆಗೆದಿಡಿ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಅಮೆರಿಕದ ಇಲಿನಾಯ್ ಸಂಸ್ಥಾನದ ಕಾರ್ಬನ್‌ಡೇಲ್ ಎಂಬ ಸಣ್ಣ ಪಟ್ಟಣದಲ್ಲಿ ನೇಥನ್ ಆಜ್ರಿನ್ ಎಂಬ ಮನಶ್ಶಾಸ್ತ್ರಜ್ಞನು ತನ್ನ ಸಹೋದ್ಯೋಗಿಗಳೊಡನೆ 'ಕೆಲಸ ಹುಡುಕುವವರ ಕೂಟ'ವೊಂದನ್ನು ಕಟ್ಟಿ, ಅದರ ಫಲಿತಾಂಶವನ್ನು 1975ರಲ್ಲಿ ಪ್ರಕಟಿಸಿದನು. ಖಾಲಿ ಹುದ್ದೆಯ ಸುದ್ದಿ ಜಾಹೀರಾತಿಗಿಂತ ಮುಂಚೆ ಬಾಯಿಂದ ಬಾಯಿಗೆ ಹರಿಯುತ್ತದೆ, ಕೆಲಸವಿಲ್ಲದವನು ಆ ಹರಿವಿನಿಂದ ಹೊರಗೆ ಬಿದ್ದಿರುತ್ತಾನೆ, ಎಂಬುದು ಅವನ ಮೂಲಭೂತವಾದ ಗ್ರಹಿಕೆ. ಆದ್ದರಿಂದ ಒಬ್ಬೊಬ್ಬರನ್ನೇ ಮೇಜಿನೆದುರು ಕೂರಿಸಿ ಉಪದೇಶಿಸುವ ಬದಲು, ಹಲವರನ್ನು ಒಂದೆಡೆ ಸೇರಿಸಿ, ಇಬ್ಬಿಬ್ಬರಿಗೆ ಜೋಡಿ ಹಾಕಿದನು: ನನ್ನ ಪತ್ರವನ್ನು ನೀನು ಓದಿ ತಿದ್ದು, ನಿನ್ನ ಫೋನಿನ ಮಾತನ್ನು ನಾನು ಪಕ್ಕದಲ್ಲಿ ಕುಳಿತು ಕೇಳುತ್ತೇನೆ, ಎಂಬ ಒಪ್ಪಂದ. ಯಾರಿಗೆ ಯಾವ ಸುಳಿವು ದೊರೆತರೂ ಅದು ಕೂಟದ ಆಸ್ತಿ. ಸಂದರ್ಶನದ ಮಾತುಗಳನ್ನು ಅಭಿನಯಿಸಿ ರೂಢಿಸುವುದು, ದಿನದಿನವೂ ಮಾಡಿದ ಕರೆಗಳನ್ನೂ ಬರೆದ ಪತ್ರಗಳನ್ನೂ ದಾಖಲೆಗೆ ಏರಿಸುವುದು, ಮನೆಯವರಿಗೆ ಕಾಗದ ಬರೆದು ಅವರಿಂದ ಯಾವ ಬಗೆಯ ಒತ್ತಾಸೆ ಬೇಕೆಂದು ತಿಳಿಸುವುದು, ಹೀಗೆ ಅಲ್ಲಿ ಯಾವುದನ್ನೂ ಅದೃಷ್ಟಕ್ಕೆ ಬಿಟ್ಟಿರಲಿಲ್ಲ. ಎರಡು ತಿಂಗಳೊಳಗೆ ಕೂಟದವರಲ್ಲಿ ನೂರಕ್ಕೆ 90 ಮಂದಿಗೆ ಕೆಲಸ ದೊರೆತಿತ್ತು. ಹೊರಗುಳಿದು ತಮ್ಮಷ್ಟಕ್ಕೆ ಹುಡುಕಿದವರಲ್ಲಿ 55 ಮಂದಿಗೆ. ಆರಂಭದ ಸಂಬಳವೂ ಕೂಟದವರಿಗೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚಿತ್ತು. ಸಣ್ಣ ಊರಿನ ಸಣ್ಣ ಪ್ರಯೋಗ, ನಿಜ. ಎಲ್ಲ ಕಾಲದೇಶಗಳಲ್ಲಿಯೂ ಇದೇ ಅಂಕಿ ಬರುತ್ತದೆಂದು ನಂಬುವ ಅವಿವೇಕ ಬೇಡ. ಆದರೂ ವಿಚಾರಿಸುವುದನ್ನು ವಿಚಾರಿಸಿಕೊಳ್ಳುವುದರೊಡನೆ ಅಷ್ಟು ಅಂದವಾಗಿ ಹೊಂದಿಸಿದ ಮತ್ತೊಂದು ಏರ್ಪಾಡನ್ನು ನಾನು ಕಾಣೆ: ಅಲ್ಲಿ ಲೆಕ್ಕ ಕೇಳುತ್ತಿದ್ದವನು ಅಧಿಕಾರಿಯಲ್ಲ, ತನ್ನಂತೆಯೇ ಕೆಲಸವಿಲ್ಲದ ಜೊತೆಗಾರ, ಅವನ ಮುಂದೆ ಸುಳ್ಳು ಲೆಕ್ಕ ಒಪ್ಪಿಸುವುದು ನಾಚಿಕೆಯೂ ಹೌದು, ನಿಷ್ಪ್ರಯೋಜಕವೂ ಹೌದು.

ಇಂತಹ ಕೂಟಕ್ಕೆ ಸರಕಾರದ ಆದೇಶ ಬೇಕಿಲ್ಲ. ಐದಾರು ಮಂದಿ ಸಾಕು. ಹತ್ತಕ್ಕೆ ಮೀರಿದರೆ ಅದು ಹರಟೆಯ ಕಟ್ಟೆಯಾದೀತು. ಎಲ್ಲರೂ ಒಂದೇ ವಿದ್ಯೆಯವರಾಗಿದ್ದರೆ ಒಂದೇ ಹುದ್ದೆಗೆ ಪೈಪೋಟಿ ಹುಟ್ಟಿ ಸುಳಿವುಗಳನ್ನು ಮುಚ್ಚಿಡುವ ಬುದ್ಧಿ ಬರುತ್ತದೆ. ಒಬ್ಬ ಫಿಟ್ಟರು, ಒಬ್ಬಳು ಬಿ.ಕಾಂ., ಒಬ್ಬ ಲ್ಯಾಬ್ ಟೆಕ್ನಿಷಿಯನ್, ಹೀಗೆ ಕಲಸಿಕೊಂಡಿದ್ದರೆ ಒಳ್ಳೆಯದು. ಊರಿನ ಸಾರ್ವಜನಿಕ ಗ್ರಂಥಾಲಯ, ಶಾಲೆಯ ಹಜಾರ, ದೇವಸ್ಥಾನದ ಪ್ರಾಂಗಣ, ಎಲ್ಲಿಯಾದರೂ ಆಗಬಹುದು, ಯಾರ ಮನೆಯೂ ಆಗದಿದ್ದರೆ ಮೇಲು. ಮನೆಯಾದರೆ ಕಾಫಿಯ ಉಪಚಾರ ಬರುತ್ತದೆ, ಅದರ ಹಿಂದೆಯೇ ಮನೆಯವರ ಪ್ರಶ್ನೆಗಳೂ ಬರುತ್ತವೆ. ವಾರಕ್ಕೆ ಎರಡು ದಿನ, ಬೆಳಿಗ್ಗೆ, ಗೊತ್ತಾದ ಹೊತ್ತಿಗೆ ಸೇರಬೇಕು. ಕೇಳತಕ್ಕ ಪ್ರಶ್ನೆಗಳು ಮೂರೇ: ಕಳೆದ ಸಲ ಒಪ್ಪಿಕೊಂಡದ್ದರಲ್ಲಿ ಏನೇನು ನಡೆಯಿತು, ಎಲ್ಲಿ ತಡೆಯಾಯಿತು, ಆ ತಡೆಗೆ ನಮ್ಮಲ್ಲಿ ಯಾರಿಂದ ಏನಾದೀತು. "ಕೆಲಸ ಸಿಕ್ಕಿತೆ?" ಎಂಬ ಪ್ರಶ್ನೆಯನ್ನು ಕೂಟದಲ್ಲಿ ಕೇಳಕೂಡದು. ಸಿಕ್ಕಿದರೆ ಕೇಳದೆಯೇ ತಿಳಿಯುತ್ತದೆ; ಸಿಕ್ಕುವುದು ಬಿಡುವುದು ಹುಡುಕುವವನ ಕೈಯಲ್ಲಿಲ್ಲ, ಹೋಗುವುದು ಬರೆಯುವುದು ಕೈಯಲ್ಲಿದೆ, ಕೈಯಲ್ಲಿರುವುದಕ್ಕೆ ಮಾತ್ರ ಲೆಕ್ಕ.

ಇನ್ನು ಲೆಕ್ಕದ ಪುಸ್ತಕ. ದಕ್ಷಿಣ ಆಫ್ರಿಕದಲ್ಲಿ ನಿರುದ್ಯೋಗಿ ತರುಣತರುಣಿಯರನ್ನು ಕುರಿತು ನಡೆದ ಒಂದು ಪ್ರಯೋಗದಲ್ಲಿ, ಎಲ್ಲರಿಗೂ ಉದ್ಯೋಗಸಲಹೆಯ ಪಾಠ ಹೇಳಿ, ಒಂದು ಗುಂಪಿನವರಿಂದ ಮಾತ್ರ, ಯಾವ ದಿನ ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಗಿ ಏನು ಮಾಡುತ್ತೇನೆಂಬ ವಿವರವಾದ ಯೋಜನೆಯನ್ನು ಕಾಗದದ ಮೇಲೆ ಬರೆಸಿದರು. ಹಾಗೆ ಬರೆದವರು ಹುಡುಕಾಟಕ್ಕೆ ಹೆಚ್ಚು ಗಂಟೆಗಳನ್ನೇನೂ ವ್ಯಯಿಸಲಿಲ್ಲ. ಆದರೂ ಅವರು ಕಳುಹಿಸಿದ ಅರ್ಜಿಗಳು ನೂರಕ್ಕೆ 15ರಷ್ಟು ಹೆಚ್ಚಿದವು, ಕೆಲಸ ಕೊಡುತ್ತೇವೆಂದು ಬಂದ ಆಹ್ವಾನಗಳು ನೂರಕ್ಕೆ 30ರಷ್ಟು, ಕೆಲಸಕ್ಕೆ ಸೇರಿದವರು ನೂರಕ್ಕೆ 26ರಷ್ಟು ಹೆಚ್ಚಿದರು. ಒಂದು ಹಾಳೆ ಕಾಗದದ ಬೆಲೆಗೆ ಇಷ್ಟು ಫಲ ದೊರೆತದ್ದು ನನಗಂತೂ ಮೊದಲು ನಂಬಲಾಗಲಿಲ್ಲ; ಯೋಚಿಸಿ ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. 'ಈ ವಾರ ಚೆನ್ನಾಗಿ ಹುಡುಕಬೇಕು' ಎಂಬುದು ಸಂಕಲ್ಪ. 'ಮಂಗಳವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ವಸಂತನರಸಾಪುರಕ್ಕೆ ಹೋಗಿ, ಮೊದಲನೆಯ ರಸ್ತೆಯ ಮೂರು ಕಾರ್ಖಾನೆಗಳ ಗೇಟಿನಲ್ಲಿ ಬಯೋಡೇಟಾ ಕೊಟ್ಟು, ಕೊಟ್ಟವರ ಹೆಸರು ಬರೆದುಕೊಂಡು ಬರುತ್ತೇನೆ' ಎಂಬುದು ಯೋಜನೆ. ಮೊದಲನೆಯದನ್ನು ಮುರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮುರಿದವನಿಗೂ.

ಪುಸ್ತಕದ ಪುಟವನ್ನು ಐದು ಮನೆಗಳಾಗಿ ಗೀಟು ಹಾಕಿದರೆ ಸಾಕು: ದಿನಾಂಕ, ಸ್ಥಳ, ಕಂಡವರ ಹೆಸರು ಮತ್ತು ಫೋನು, ಅವರು ಹೇಳಿದ ಮಾತು, ಮತ್ತೆ ಹೋಗಬೇಕಾದ ದಿನ. ಕೊನೆಯ ಮನೆಯನ್ನು ಎಂದಿಗೂ ಬರಿದಾಗಿ ಬಿಡಬಾರದು. "ಮುಂದಿನ ತಿಂಗಳು ಬನ್ನಿ" ಎಂದವರಲ್ಲಿಗೆ ನಿಜವಾಗಿ ಮುಂದಿನ ತಿಂಗಳು ಹೋಗುವವರು ಬಹಳ ಕಡಮೆ. ಹೋದವನನ್ನು ಗೇಟಿನ ವಾಚ್‌ಮನ್ನನೂ ಗುರುತು ಹಿಡಿಯುತ್ತಾನೆ. ಮೊಬೈಲಿನಲ್ಲಿ ಒತ್ತುವ ಅರ್ಜಿಗಳಿಗೂ ಅದೇ ಪುಸ್ತಕದಲ್ಲಿ ಒಂದೊಂದು ಸಾಲು ಕೊಡಬೇಕು. ಬರೆಯುವ ಶ್ರಮಕ್ಕೆ ಯೋಗ್ಯವಲ್ಲದ ಅರ್ಜಿ ಒತ್ತುವುದಕ್ಕೂ ಯೋಗ್ಯವಲ್ಲವೆಂದು ಒಂದು ವಾರದಲ್ಲಿಯೇ ತಿಳಿದುಬರುತ್ತದೆ.

ಶಿಫಾರಸು ಎಂಬ ಪದಕ್ಕೆ ನಮ್ಮಲ್ಲಿ ಕೆಟ್ಟ ಹೆಸರು ಬಂದುಬಿಟ್ಟಿದೆ. ಅದು ಪ್ರಭಾವಿಗಳ ಫೋನು ಕರೆಗೆ ಪರ್ಯಾಯಪದವಾಗಿದೆ. ನಾನು ಹೇಳುವುದು ಅದಲ್ಲ. ಹಿಂದೆ ಎಲ್ಲಿಯಾದರೂ, ಆರು ತಿಂಗಳೇ ಆಗಲಿ, ಅಂಗಡಿಯಲ್ಲಿಯೇ ಆಗಲಿ, ದುಡಿದಿದ್ದರೆ ಅಲ್ಲಿಯ ಯಜಮಾನರಿಂದ ನಾಲ್ಕು ಸಾಲಿನ ಪತ್ರ ಪಡೆಯಬೇಕು: ಈತ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಲೆಕ್ಕದಲ್ಲಿ ನಂಬಿಕಸ್ಥ, ಇಂತಿಂತಹ ಯಂತ್ರ ನಡೆಸಬಲ್ಲ, ಎಂದು. ದಕ್ಷಿಣ ಆಫ್ರಿಕದಲ್ಲಿಯೇ ನಡೆದ ಮತ್ತೊಂದು ಪರೀಕ್ಷೆಯಲ್ಲಿ, ಅರ್ಜಿಯೊಡನೆ ಹಳೆಯ ಯಜಮಾನರ ಪತ್ರ ಲಗತ್ತಿಸಿದಾಗ ಸಂದರ್ಶನದ ಕರೆಗಳು ನೂರಕ್ಕೆ 60ರಷ್ಟು ಹೆಚ್ಚಿದವು; ಆ ಹೆಚ್ಚಳಕ್ಕೆ ಮುಖ್ಯ ಕಾರಣ ಮಹಿಳೆಯರ ಅರ್ಜಿಗಳು. ಗುಣವಿದ್ದೂ ಗುಣವನ್ನು ಹೇಳುವವರಿಲ್ಲದವರಿಗೇ ಪತ್ರದ ಅಗತ್ಯ ಹೆಚ್ಚೆಂದು ತೋರುತ್ತದೆ. ಇಥಿಯೋಪಿಯದ ರಾಜಧಾನಿ ಆಡಿಸ್ ಅಬಾಬದಲ್ಲಿ ಕೆಲವು ತರುಣರಿಗೆ ನಗರದ ನಡುವಿಗೆ ಹೋಗಿಬರಲು ಪ್ರಯಾಣದ ಖರ್ಚನ್ನೂ, ಬೇರೆ ಕೆಲವರಿಗೆ ಅರ್ಜಿ ಬರೆಯುವ, ಸಂದರ್ಶನ ಎದುರಿಸುವ ಪಾಠವನ್ನೂ ಜೊತೆಗೆ ಸಾಮರ್ಥ್ಯದ ಪರೀಕ್ಷೆ ಮಾಡಿ ಪ್ರಮಾಣಪತ್ರವನ್ನೂ ಕೊಟ್ಟು ನೋಡಿದರು. ಮೊದಮೊದಲು ಎರಡರಿಂದಲೂ ಅನುಕೂಲವಾಯಿತು. ನಾಲ್ಕು ವರ್ಷಗಳ ತರುವಾಯ ಪ್ರಯಾಣದ ಹಣದ ಫಲ ಅಳಿಸಿಹೋಗಿ, ಪಾಠ ಮತ್ತು ಪ್ರಮಾಣಪತ್ರ ಪಡೆದವರ ಗಳಿಕೆ ಮಾತ್ರ ಗಣನೀಯವಾಗಿ ಹೆಚ್ಚಿತ್ತು. ನಮ್ಮ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋದಾಗ, ಹುದ್ದೆ ಇದೆಯೇ ಎಂದು ಕೇಳಿ ಹಿಂದಿರುಗುವುದಕ್ಕಿಂತ, ವೃತ್ತಿ ಮಾರ್ಗದರ್ಶನದ ಕಾರ್ಯಕ್ರಮ ಯಾವಾಗ, ಮುಂದಿನ ಉದ್ಯೋಗ ಮೇಳ ಎಲ್ಲಿ, ಎಂದು ಕೇಳಿ ಬರೆದುಕೊಂಡು ಬರುವುದು ಲಾಭಕರ.

ಮೋಸದ ವಿಷಯವನ್ನು ಬಿಡುವಂತಿಲ್ಲ. ಕೆಲಸ ಕೊಡುವವರು ಹಣ ಕೇಳುವುದಿಲ್ಲ. ನೋಂದಣಿಯೆಂದೋ, ಸಮವಸ್ತ್ರದ ಠೇವಣಿಯೆಂದೋ, ಲ್ಯಾಪ್‌ಟಾಪಿನ ವಿಮೆಯೆಂದೋ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸತಕ್ಕದ್ದು. ಗಲ್ಫ್ ಮೊದಲಾದ ವಿದೇಶಗಳ ಕೆಲಸಕ್ಕೆ ಕಳುಹಿಸುವ ಏಜೆಂಟರು 1983ರ ವಲಸೆ ಕಾಯಿದೆಯಂತೆ ನೋಂದಾಯಿತರಾಗಿರಬೇಕು. ಅವರ ಹೆಸರು ಇ-ಮೈಗ್ರೇಟ್ ತಾಣದಲ್ಲಿದೆಯೇ ಎಂದು ನೋಡಿಕೊಂಡ ಮೇಲೆಯೇ ಪಾಸ್‌ಪೋರ್ಟಿನ ಪ್ರತಿ ಕೊಡಬೇಕು. ಹಣ ಈಗಾಗಲೇ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣವೇ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು. ಕೂಟದ ಮತ್ತೊಂದು ಪ್ರಯೋಜನ ಇಲ್ಲಿದೆ: ಒಂಟಿಯಾಗಿ ಓದಿದಾಗ ಹೊಳೆಯದ ಮೋಸ ಐದು ಜನರ ಮುಂದೆ ಗಟ್ಟಿಯಾಗಿ ಓದಿದೊಡನೆ ಬಯಲಾಗುತ್ತದೆ.

ಮನೆಯವರಿಗೂ ಒಂದು ಮಾತು. ಮಗನೋ ಮಗಳೋ ಮನೆಯಲ್ಲಿದ್ದಾರೆಂದು ದಿನವೂ ಕೇಳುತ್ತಿದ್ದರೆ ಅದು ಯಾವ ನಿಗಾವೂ ಅಲ್ಲ, ಗಾಯದ ಮೇಲೆ ಬೆರಳಾಡಿಸುವುದು. ವಾರಕ್ಕೊಮ್ಮೆ, ಅವರೇ ಗೊತ್ತುಮಾಡಿದ ಹೊತ್ತಿನಲ್ಲಿ, ಪುಸ್ತಕ ತೆರೆದಿಟ್ಟುಕೊಂಡು ಕೇಳಿ. ಉಳಿದ ಆರು ದಿನ ಊಟದ ಹೊತ್ತಿನಲ್ಲಿ ಬೇರೆ ಮಾತಾಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕುಂಟು: ಮನೆಯಲ್ಲಿದ್ದಾಳೆ ಎಂದೊಡನೆ ಒಲೆ, ಅಂಗಳ, ಅಜ್ಜಿಯ ಔಷಧ ಎಲ್ಲವೂ ಅವಳ ಪಾಲಿಗೆ ಬಂದು, ಮಾರಿಯೆಂಟಾಲಿನ ಹೆಂಗಸರಂತೆ ಅವಳ ನಡಿಗೆ ಚುರುಕಾಗಿಯೇ ಇದ್ದರೂ ಹುಡುಕಾಟಕ್ಕೆ ಹೊತ್ತೇ ಉಳಿಯುವುದಿಲ್ಲ. ಬೆಳಗಿನ ಹತ್ತರಿಂದ ಒಂದರವರೆಗೆ ಅವಳು 'ಆಫೀಸಿನಲ್ಲಿದ್ದಾಳೆ' ಎಂದು ಮನೆಯವರು ಭಾವಿಸಿಕೊಂಡು ಕರೆಯದಿದ್ದರೆ ಅದಕ್ಕಿಂತ ದೊಡ್ಡ ಸಹಾಯ ಬೇರೊಂದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿಯಾದ ಸಂಗತಿಯನ್ನೂ ಮುಚ್ಚಿಡಲಾರೆ. ಎಸ್ತರ್ ಡುಫ್ಲೋ ಮೊದಲಾದ ಅರ್ಥಶಾಸ್ತ್ರಜ್ಞರು ಫ್ರಾನ್ಸಿನ 235 ಪ್ರದೇಶಗಳಲ್ಲಿ ಪರೀಕ್ಷೆ ನಡೆಸಿ, 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲದ ವಿದ್ಯಾವಂತ ತರುಣರಿಗೆ ಗಾಢವಾದ ನೆರವು ದೊರೆತಾಗ ಅವರಿಗೆ ಬೇಗ ಕೆಲಸವಾದದ್ದು ನಿಜವೆಂದೂ, ಆದರೆ ಆ ಲಾಭದ ಒಂದು ಪಾಲು ನೆರವು ದೊರೆಯದವರ ನಷ್ಟದಿಂದ ಬಂದಿತೆಂದೂ, ಕೆಲಸಗಳೇ ವಿರಳವಾದ ಕಡೆಗಳಲ್ಲಿ ಹೀಗಾಗುವುದು ಹೆಚ್ಚೆಂದೂ ತೋರಿಸಿದರು. ಹತ್ತು ಕುರ್ಚಿಗೆ ಇಪ್ಪತ್ತು ಜನರಿರುವಲ್ಲಿ ಓಡುವುದನ್ನು ಎಷ್ಟು ಚೆನ್ನಾಗಿ ಕಲಿಸಿದರೂ ಕುರ್ಚಿ ಹನ್ನೊಂದಾಗದು. ಅದನ್ನು ಮಾಡಬೇಕಾದವರು ಬೇರೆ, ಆ ಲೆಕ್ಕವನ್ನು ಕೇಳಬೇಕಾದ ಸ್ಥಳವೂ ಬೇರೆ. ಇದನ್ನು ಇಲ್ಲಿ ಹೇಳಿದ್ದೇಕೆಂದರೆ, ಪುಸ್ತಕದ ಮನೆಗಳನ್ನೆಲ್ಲ ತುಂಬಿ, ಕೂಟಕ್ಕೆ ತಪ್ಪದೆ ಹೋಗಿಯೂ ಕೆಲಸ ದೊರೆಯದವನು ತನ್ನನ್ನು ತಾನು ಹಳಿದುಕೊಳ್ಳಬಾರದು. ಅವನ ತಂದೆಯೂ ಅವನನ್ನು ಹಳಿಯಬಾರದು.

ಹಿಂದಿನ ಬೀದಿಯ ಆ ಹುಡುಗ ಏನಾದನೆಂದು ಓದುಗರು ಕೇಳಬಹುದು. ಎರಡು ಗೀಟಿನ ಒಂದು ನೋಟ್‌ಪುಸ್ತಕ ಕೊಟ್ಟು, ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಾ ಎಂದಿದ್ದೆ. ಮೊದಲನೆಯ ಬುಧವಾರ ಬರಲಿಲ್ಲ, ಎರಡನೆಯ ಬುಧವಾರ ಹತ್ತೂವರೆಗೆ ಬಂದ, ಆಮೇಲೆ ಗೆಳೆಯರಿಬ್ಬರನ್ನು ಕರೆತಂದ. ಮೂರನೆಯ ತಿಂಗಳು ಒಂದು ಸಣ್ಣ ವರ್ಕ್‌ಷಾಪಿನಲ್ಲಿ, ಅವನು ಬಯಸಿದ್ದಕ್ಕಿಂತ ಕಡಮೆ ಸಂಬಳಕ್ಕೆ, ಕೆಲಸ ಸಿಕ್ಕಿತು. ಗೆಳೆಯರಿಬ್ಬರಲ್ಲಿ ಒಬ್ಬ ಇನ್ನೂ ಬರುತ್ತಿದ್ದಾನೆ. ಪುಸ್ತಕವನ್ನು ಹಿಂದಿರುಗಿಸಲು ಬಂದ ಹುಡುಗನಿಗೆ, ಅರ್ಧ ಖಾಲಿಯಿದೆಯಲ್ಲ, ನೀನೇ ಇಟ್ಟುಕೋ ಎಂದೆ. "ಬೇಡಿ ಮೇಷ್ಟ್ರೇ, ಇದರಲ್ಲಿ ನಾನು ಹೋಗದೆ ಉಳಿದಿರೋ ಹನ್ನೆರಡು ಕಡೆ ವಿಳಾಸ ಇದೆ, ಅವನಿಗೆ ಕೊಡಿ" ಎಂದು ಮೇಜಿನ ಮೇಲಿಟ್ಟು, ಎರಡನೆಯ ಪಾಳಿಗೆ ಹೊತ್ತಾಯಿತೆಂದು ಹೊರಟುಹೋದ.